ಸಾಲಿನ ಕೊನೆಯ ಸೈಕಲ್

ಮೋಟೆಬೆನ್ನೂರಿನ ಆಚೆ, ಹೊರಡುವ ಮುನ್ನ

ನಾನು ಹಾಲೆಂಡಿಗೆ ಹೊರಟಿದ್ದೇನೆ ಎಂದು ಗೊತ್ತಾದ ಮೇಲೆ ಊರವರು ಒಬ್ಬೊಬ್ಬರೂ ಒಂದೊಂದು ಸಾಮಾನು ಹೇಳಿಕಳುಹಿಸಿದರು. ಒಬ್ಬರಿಗೆ ಕೈಗಡಿಯಾರ ಬೇಕಿತ್ತು, ಇನ್ನೊಬ್ಬರಿಗೆ ಅತ್ತರು. ಸಾಮಾನು ಕೇಳದವಳು ಹುಸೇನಬಿ ಒಬ್ಬಳೇ. ನಮ್ಮ ಓಣಿಯಲ್ಲಿ ನಾಲ್ಕು ಮನೆ ದಾಟಿದರೆ ಅವಳ ಮನೆ.

“ಪೇಪರಿನ ಅಣ್ಣಾರ, ನೀವು ಹೋಗೋ ದೇಶದಾಗ ಸಣ್ಣವ್ರು ದೊಡ್ಡವ್ರು ಎಲ್ಲಾರೂ ಸೈಕಲ್ಲ ಹೊಡೀತಾರಂತ, ಖರೇ ಏನ್ರಿ?” ಎಂದು ಕೇಳಿದಳು.

“ಖರೇ ಅಂತಾರ ತಂಗೀ.”

“ಹಂಗಾದ್ರ ಕತ್ತಲಾದ ಮ್ಯಾಲ ಅವ್ರು ಮನಿಗೆ ಹೆಂಗ ಮುಟ್ತಾರ, ಅದೊಂದು ನೋಡ್ಕೊಂಡ ಬರ್ರಿ. ನನಗ ಬ್ಯಾರೇ ಏನೂ ತರಬ್ಯಾಡ್ರಿ.”

ನಾನು ಹಾವೇರಿಯಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳುಹಿಸುವವನು. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯ ಒಂದು ತಾಲೂಕು. ಸಣ್ಣ ಊರುಗಳ ವರದಿಗಾರರಿಗೆಂದು ಹಾಲೆಂಡಿನಲ್ಲಿ ಚಳಿಗಾಲದ ಒಂದು ತರಬೇತಿ ಇತ್ತು. ನನ್ನ ಹೆಸರು ಆಯ್ಕೆಯಾಗಿತ್ತು. ಅಲ್ಲಿ ಏನು ನೋಡಬೇಕು ಎಂದು ಕಚೇರಿಯವರು ಹೇಳಿದ್ದು ನೆನಪಿಲ್ಲ. ಹುಸೇನಬಿ ಹೇಳಿದ್ದು ನೆನಪಿನಲ್ಲಿ ಉಳಿಯಿತು. ಅವಳಿಗೆ ಆ ಪ್ರಶ್ನೆ ಯಾಕೆ ಹುಟ್ಟಿತು ಎಂಬುದನ್ನು ಮೊದಲು ಹೇಳಬೇಕು.

ಅವಳ ಗಂಡ ಮಾಬುಸಾಬ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ಸುಗ್ಗಿಯಲ್ಲಿ ಅಲ್ಲಿಯ ಕೆಲಸ ಹೊತ್ತು ಮುಳುಗಿದ ಮೇಲೂ ಮುಗಿಯುವುದಿಲ್ಲ. ಬೆಳಿಗ್ಗೆ ಟೆಂಡರ್, ಮಧ್ಯಾಹ್ನ ತೂಕ, ಆಮೇಲೆ ಚೀಲ ತುಂಬಿ, ಹೊಲಿದು, ಲಾರಿಗೆ ಹೇರುವುದು. ಅದೆಲ್ಲ ಮುಗಿದ ಮೇಲೆ ನಮ್ಮೂರಿನ ಹಮಾಲರು ಒಟ್ಟಿಗೇ ಸೈಕಲ್ ಹತ್ತುತ್ತಾರೆ. ಮೋಟೆಬೆನ್ನೂರಿನಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಸೇರಿ, ರಾಣೆಬೆನ್ನೂರಿನ ಕಡೆಗೆ ಸ್ವಲ್ಪ ದೂರ ಲಾರಿಗಳ ಜೊತೆ ಬಂದು, ಊರಿನ ಮಣ್ಣಿನ ದಾರಿಗೆ ತಿರುಗುತ್ತಾರೆ.

ಅವರ ಪೈಕಿ, ಗಾಲಿ ತಿರುಗಿದರೆ ಉರಿಯುವ ಡೈನಮೋ ದೀಪ ಇದ್ದದ್ದು ಫಕ್ಕೀರಪ್ಪನ ಸೈಕಲ್ಲಿಗೆ ಮಾತ್ರ. ಅವನು ಮುಂದೆ. ಉಳಿದವರು ಒಬ್ಬನ ಹಿಂದೆ ಒಬ್ಬ, ಗಾಲಿಗೆ ಗಾಲಿ ತಾಗುವಷ್ಟು ಹತ್ತಿರ. ಎದುರಿನಿಂದ ಬರುವ ಲಾರಿಯವನಿಗೆ ಒಂದು ದೀಪ ಕಾಣುತ್ತದೆ. ಒಂದೇ ಸೈಕಲ್ ಎಂದುಕೊಳ್ಳುತ್ತಾನೆ. ಹಿಂದಿನಿಂದ ಬರುವವನಿಗೆ ಏನೂ ಕಾಣುವುದಿಲ್ಲ. ಹೊಸ ಸೈಕಲ್ಲಿನ ಹಿಂದೆ ಬೆಳಕು ಬಿದ್ದರೆ ಹೊಳೆಯುವ ಒಂದು ಕೆಂಪು ಬಿಲ್ಲೆ ಇರುತ್ತದಲ್ಲ, ಅದು ಕ್ಯಾರಿಯರಿಗೆ ಚೀಲ ಕಟ್ಟಿ ಬಿಚ್ಚುವುದರಲ್ಲೇ ಒಡೆದುಹೋಗಿರುತ್ತದೆ. ಉಳಿದಿದ್ದರೂ, ಚಳಿಗೆ ಹೊದ್ದ ಕಂಬಳಿಯ ಅಂಚು ಅದರ ಮೇಲೆ ಇಳಿಬಿದ್ದಿರುತ್ತದೆ.

ಕೊನೆಯವನಿಗೇ ಅಪಾಯ ಎಂಬುದು ಅವರಿಗೆಲ್ಲ ಗೊತ್ತು. ಅದಕ್ಕೆ ಅವರದೇ ಒಂದು ಏರ್ಪಾಡು ಇತ್ತು. ಪೇಟೆಯ ಗೇಟಿನಲ್ಲಿ ಫಕ್ಕೀರಪ್ಪ ಒಂದಷ್ಟು ಒಣ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ಚೂಪು ತುದಿ ಮಾತ್ರ ಹೊರಗಿಟ್ಟು ಚಾಚುತ್ತಿದ್ದ. ಅವುಗಳಲ್ಲಿ ಒಂದರ ತೊಟ್ಟು ಮುರಿದಿರುತ್ತಿತ್ತು. ಅದನ್ನು ಎಳೆದವನು ಅಂದಿನ “ಬಾಲ”, ಸಾಲಿನ ಕೊನೆಯವನು.

“ಏ ಬಾಲಾ, ಲಾರಿ ಬಂದ್ರ ಒದರಪಾ, ಸುಮ್ಮ ಸಾಯಬ್ಯಾಡ!” ಎಂದು ನಗೆಯಾಡಿ ಹೊರಡುತ್ತಿದ್ದರು.

ಕಳೆದ ಸುಗ್ಗಿಯಲ್ಲಿ, ಶಿವರಾತ್ರಿ ಹತ್ತಿರವಿದ್ದಾಗ, ತೊಟ್ಟಿಲ್ಲದ ಕಾಯಿ ಬಂದದ್ದು ಮಾಬುಸಾಬನ ಅಣ್ಣ ಇಮಾಮಸಾಬನಿಗೆ. ಅವನ ಮುಂದಿನ ಸೈಕಲ್ಲಿನಲ್ಲಿ ಮಾಬುಸಾಬನೇ ಇದ್ದ. ಬೆನ್ನ ಹಿಂದೆ ತಗಡು ಮಡಚಿದಂಥ ಸದ್ದು ಕೇಳಿದ್ದಷ್ಟೇ ಅವನಿಗೆ ಗೊತ್ತು. ಲಾರಿ ನಿಲ್ಲಲಿಲ್ಲ. ರಾಣೆಬೆನ್ನೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಇಮಾಮಸಾಬ ತೀರಿಕೊಂಡ. “ಅಪರಿಚಿತ ವಾಹನ ಡಿಕ್ಕಿ: ಸೈಕಲ್ ಸವಾರ ಸಾವು” ಎಂಬ ತಲೆಬರಹದ ಕೆಳಗೆ ನಮ್ಮ ಪತ್ರಿಕೆಯ ಒಳಪುಟದಲ್ಲಿ ಕೆಲವೇ ಸಾಲು ಬಂತು. ಅಂಥ ಸುದ್ದಿಗೆ ಎಲ್ಲ ಪತ್ರಿಕೆಗಳಲ್ಲೂ ಸಿಗುವ ಜಾಗ ಅದು. ಪೊಲೀಸರು, ಊರವರು, ಚಹಾದಂಗಡಿಯವರು ಎಲ್ಲರೂ ಕೇಳಿದ ಪ್ರಶ್ನೆ ಒಂದೇ: “ದೀಪ ಇತ್ತೇನು?” ಇರಲಿಲ್ಲ. ವಿಚಾರಣೆ ಅಲ್ಲಿಗೆ ಮುಗಿಯಿತು.

ಹುಸೇನಬಿ ಆಗ ಒಂದು ಮಾತು ಆಡಿದ್ದಳು. “ಹೆದ್ದಾರಿ ಗಿಡಕ್ಕ ಸರ್ಕಾರದವ್ರು ಬಿಳಿ ಪಟ್ಟಿ ಬಡೀತಾರ, ಲಾರಿ ಹಾಯಬಾರ್ದಂತ. ಮನಷ್ಯಾಗ ಯಾರು ಬಡೀಬೇಕ್ರಿ?”

ಮಾಬುಸಾಬ ಮರುವಾರವೇ ಅದೇ ದಾರಿಯಲ್ಲಿ ಕೆಲಸಕ್ಕೆ ಹೋದ. ಬೇರೆ ದಾರಿ ಇಲ್ಲ. ಅಂದಿನಿಂದ ಹುಸೇನಬಿ ಸಂಜೆಯಾದರೆ ಮಣ್ಣಿನ ದಾರಿ ಹೆದ್ದಾರಿಗೆ ಸೇರುವಲ್ಲಿ ಬಂದು ನಿಲ್ಲುತ್ತಾಳೆ.

ಆಮ್‌ಸ್ಟರ್‌ಡ್ಯಾಮ್

ಬ್ಯಾಡಗಿ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಮುಂಬಯಿಯಲ್ಲಿ ವಿಮಾನ ಹತ್ತಿದೆ. ಇಳಿದಾಗ ಅಲ್ಲಿ ಮಧ್ಯಾಹ್ನ. ಊಟ ಮಾಡಿ ಹೊರಗೆ ಬರುವಷ್ಟರಲ್ಲಿ ಕತ್ತಲೆ. ನವೆಂಬರಿನಲ್ಲಿ ಅಲ್ಲಿ ಸೂರ್ಯ ನಮ್ಮ ಶಾಲೆಗಳು ಬಿಡುವ ಹೊತ್ತಿಗೇ ಹೋಗಿಬಿಡುತ್ತಾನೆ. ಜನ ಆಗಿನ್ನೂ ಕೆಲಸದಲ್ಲಿರುತ್ತಾರೆ. ಅಂದರೆ ಇಡೀ ಊರು ಮನೆಗೆ ಮರಳುವುದು ಕತ್ತಲಲ್ಲೇ. ಹುಸೇನಬಿಯ ಪ್ರಶ್ನೆಗೆ ಇದಕ್ಕಿಂತ ತಕ್ಕ ದೇಶ ಸಿಗಲಾರದು ಎನಿಸಿತು.

ಸ್ಟೇಷನ್ನಿನ ಮುಂದೆ ನಿಂತು ರಸ್ತೆ ನೋಡುತ್ತಿದ್ದೆ. ಹಿಂದಿನಿಂದ ಸೈಕಲ್ ಗಂಟೆ ಕೇಳಿಸಿತು. ಮರುಕ್ಷಣ ಒಬ್ಬ ಹೆಂಗಸು ನನ್ನ ಮೊಣಕೈ ಸವರಿಕೊಂಡೇ ಹಾದುಹೋಗಿ, ತಿರುಗಿ ನೋಡದೆ ಏನೋ ಬೈದಳು. ನಾನು ನಿಂತದ್ದು ಪಾದಚಾರಿಗಳ ಜಾಗ ಎಂದುಕೊಂಡಿದ್ದೆ. ಅದು ಸೈಕಲ್ಲಿಗೇ ಮಾಡಿದ ದಾರಿ, ಕೆಂಪು ಬಣ್ಣದ್ದು. ಸೈಕಲ್ಲಿನವರಿಂದ ಬೈಸಿಕೊಂಡದ್ದು ಅದೇ ಮೊದಲು. ನಮ್ಮಲ್ಲಿ ಸೈಕಲ್ಲಿನವರು ಬೈಯುವುದಿಲ್ಲ, ಬೈಸಿಕೊಳ್ಳುತ್ತಾರೆ.

ಪಕ್ಕಕ್ಕೆ ಸರಿದು ನೋಡಿದೆ. ಮೊಣಕಾಲೆತ್ತರದಲ್ಲಿ ಹಳದಿ ದೀಪಗಳು ಒಂದರ ಹಿಂದೊಂದು ಬರುತ್ತಿದ್ದವು; ದಾಟಿ ಹೋದ ಮೇಲೆ ಅಷ್ಟೇ ಕೆಂಪು ದೀಪಗಳು. ಸಿಗ್ನಲ್ ಬಿದ್ದೊಡನೆ ಎಲ್ಲರೂ ನಿಂತರು, ಎಲ್ಲರ ದೀಪವೂ ಒಟ್ಟಿಗೆ ಆರಿತು. ಡೈನಮೋ ಅಲ್ಲಿಯದಾದರೇನು, ಗಾಲಿ ತಿರುಗದಿದ್ದರೆ ಉರಿಯುವುದಿಲ್ಲ. ಆದರೆ ನಿಂತವರೂ ಕಾಣುತ್ತಿದ್ದರು. ಹಿಂದಿನ ಮಡ್‌ಗಾರ್ಡಿನ ತುದಿ ಬಿಳಿ, ಪೆಡಲ್ಲಿನಲ್ಲಿ, ಗಾಲಿಯ ಕಡ್ಡಿಗಳ ನಡುವೆ ಹೊಳೆಯುವ ಬಿಲ್ಲೆಗಳು. ಕಾರಿನ ಬೆಳಕು ಬಿದ್ದಾಗ ಗುಂಪು ಗುಂಪೇ ಮಿಂಚಿತು. ಸಿಗ್ನಲ್ ಬಿಟ್ಟಿತು, ದೀಪಗಳು ಮಿಣುಕಿ ಹೊತ್ತಿಕೊಂಡವು. ಚಳಿ ತಡೆಯಲಾರದೆ ಒಳಗೆ ಹೋದೆ.

ಡೆವೆಂಟರ್ ಬಳಿಯ ಹಳ್ಳಿ

ತರಬೇತಿ ಇದ್ದದ್ದು ದೇಶದ ಪೂರ್ವಕ್ಕಿರುವ ಡೆವೆಂಟರ್ ಎಂಬ ಊರಿನಲ್ಲಿ. ನನಗೆ ವಸತಿ ಸಿಕ್ಕದ್ದು ಅದರಾಚೆಯ ಹಳ್ಳಿಯಲ್ಲಿ, ಟ್ರೂಸ್ ಎಂಬ ವಿಧವೆಯ ಮನೆಯಲ್ಲಿ. ಆಕೆಗೆ ಎಪ್ಪತ್ತರ ಹತ್ತಿರ. ನೆಟ್ಟಗಿನ ಬೆನ್ನು, ಸಣ್ಣ ದನಿ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ ಆದ್ದರಿಂದ ಮಾತು ಸರಳವಾಗಿ ನಡೆಯಿತು.

ಊರ ಪಕ್ಕದಲ್ಲೇ ಐಸೆಲ್ ನದಿ. ಐರಣಿಯಲ್ಲಿ ತುಂಗಭದ್ರೆ ಕಂಡಿದ್ದ ನನಗೆ ಅದರ ಅಗಲ ಹೆಚ್ಚೆನಿಸಲಿಲ್ಲ. ವಿಚಿತ್ರವೆಂದರೆ ಊರಿಗಿಂತ ರಸ್ತೆ ಎತ್ತರ. ಮಣ್ಣಿನ ಒಡ್ಡು ಹಾಕಿ ಅದರ ನೆತ್ತಿಯ ಮೇಲೆ ರಸ್ತೆ ಮಾಡಿದ್ದಾರೆ. ಹಳ್ಳಿಯಿಂದ ಡೆವೆಂಟರಿಗೆ ನಾನು ದಿನವೂ ಹೋಗಿಬರಬೇಕಾದದ್ದು ಅದೇ ದಾರಿಯಲ್ಲಿ, ಸೈಕಲ್ ಮೇಲೆ. ಸೈಕಲ್ ಟ್ರೂಸ್ ಕೊಟ್ಟಳು, ಆಕೆಯ ಗಂಡನದು. ಎತ್ತರದ ಕರಿಯ ಸೈಕಲ್. ಸೀಟನ್ನು ಪೂರ್ತಿ ಇಳಿಸಿದರೂ ನನ್ನ ಹೆಬ್ಬೆರಳು ಮಾತ್ರ ನೆಲ ಮುಟ್ಟುತ್ತಿತ್ತು. ಮೊದಲ ದಿನ ಇಳಿಯಲು ಹೋಗಿ ಬೇಲಿಯ ಮೇಲೆ ಒರಗಿದೆ. ಟ್ರೂಸ್ ನಗಲಿಲ್ಲ, ಕೈ ಹಿಡಿಯಲೂ ಇಲ್ಲ. ಬೇಲಿ ಮುರಿದಿದೆಯೇ ಎಂದು ನೋಡಿದಳು.

ಅಲ್ಲಿಯವರು ಸಂಜೆ ಕಿಟಕಿಗೆ ಪರದೆ ಎಳೆಯುವುದಿಲ್ಲ. ಊಟ ಮಾಡುವವರು, ಓದುವವರು, ಜಗಳವಾಡುವವರು ಎಲ್ಲರೂ ರಸ್ತೆಗೆ ಕಾಣುತ್ತಾರೆ. ಯಾರೂ ಇಣುಕುವುದಿಲ್ಲ. ನಮ್ಮಲ್ಲಿ ಬಾಗಿಲು ಮುಚ್ಚಿದ್ದರೂ ಒಳಗಿನ ಸುದ್ದಿ ಓಣಿಗೆ ಗೊತ್ತಿರುತ್ತದೆ. ಇಲ್ಲಿ ಎಲ್ಲವೂ ಕಾಣುತ್ತದೆ, ಯಾರಿಗೂ ಏನೂ ಗೊತ್ತಿಲ್ಲ.

ನಾನು ಬ್ಯಾಡಗಿಯ ಮೆಣಸಿನಕಾಯಿ ಒಂದು ಪೊಟ್ಟಣ ಒಯ್ದಿದ್ದೆ. ಟ್ರೂಸ್ ಅದರ ಬಣ್ಣ ನೋಡಿ ಬೆರಗಾದಳು. ತುದಿ ಕಚ್ಚಿ ನೋಡಿ, “ಹೆದರಿದಷ್ಟು ಖಾರವಿಲ್ಲ” ಎಂದಳು. ಬಣ್ಣ ಹೆಚ್ಚು, ಖಾರ ಕಡಿಮೆ, ಅದಕ್ಕೇ ಅದು ಹೆಸರುವಾಸಿ ಎಂದೆ. ಅಡುಗೆಗೆ ಹಾಕಲಿಲ್ಲ. ಗಾಜಿನ ಬಟ್ಟಲಲ್ಲಿ ತುಂಬಿ ಮೇಜಿನ ನಡುವೆ ಇಟ್ಟಳು, ಹೂವಿನಂತೆ.

ಒಡ್ಡಿನ ರಸ್ತೆ, ಬೆಳದಿಂಗಳು

ಒಂದು ಸಂಜೆ ಹುಣ್ಣಿಮೆ ಇತ್ತು. ಮೋಡವಿಲ್ಲ. ಒಡ್ಡಿನ ರಸ್ತೆ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಡೈನಮೋ ಗಾಲಿಗೆ ತಾಗಿದರೆ ಪೆಡಲ್ ಭಾರವಾಗುತ್ತದೆ, ಎದುರುಗಾಳಿ ಬೇರೆ. ಅದನ್ನು ಎತ್ತಿಬಿಟ್ಟು ಹಗುರಾಗಿ ತುಳಿಯುತ್ತಾ ಬಂದೆ. ಊರಲ್ಲಿ ಫಕ್ಕೀರಪ್ಪನೂ ಹಾಗೆಯೇ ಮಾಡುತ್ತಾನೆ. ಬೆಳದಿಂಗಳಿದ್ದರೆ ದೀಪ ಯಾಕೆ ಎಂಬುದು ನಮ್ಮ ಕಡೆಯ ಲೆಕ್ಕ.

ಹಳ್ಳಿ ಹತ್ತಿರ ಬಂದಾಗ ಇಬ್ಬರು ಪೊಲೀಸರು ಕೈ ಅಡ್ಡ ಹಿಡಿದರು. ಒಬ್ಬ ಗಂಡಸು, ಒಬ್ಬ ಹೆಂಗಸು. ದೀಪ ಯಾಕಿಲ್ಲ ಎಂದು ಕೇಳಿದರು. ಚಂದ್ರನನ್ನು ತೋರಿಸಿದೆ. ಪೊಲೀಸನಿಗೆ ಇದು ತಮಾಷೆಯೋ ಉದ್ಧಟತನವೋ ತಿಳಿಯಲಿಲ್ಲ. ಯಾವ ದೇಶ ಎಂದು ಕೇಳಿದ. ಹೇಳಿದೆ. ಅವರಿಬ್ಬರೂ ತಮ್ಮ ಭಾಷೆಯಲ್ಲಿ ಏನೋ ಮಾತಾಡಿಕೊಂಡರು.

ಆಮೇಲೆ ಆ ಹೆಂಗಸು ನನ್ನ ಸೈಕಲ್ ತೆಗೆದುಕೊಂಡು ಹತ್ತಿದಳು. ಅವಳ ಕೋಟೂ ನನ್ನ ಕೋಟಿನಂತೆ ಕಪ್ಪು. ನಾನು ಬಂದ ದಾರಿಯಲ್ಲೇ ತುಳಿದುಕೊಂಡು ಹೋದಳು. ಸ್ವಲ್ಪ ದೂರ ಕಂಡಳು. ರಸ್ತೆ ಬದಿಯ ಮರಗಳ ನೆರಳು ಬಂತು, ಅವಳು ಇಲ್ಲ. ಚೈನಿನ ಸದ್ದು ಮಾತ್ರ ಕೇಳುತ್ತಿತ್ತು, ಅದೂ ಗಾಳಿಗೆ ಹೋಯಿತು. ಅಷ್ಟು ಬೆಳದಿಂಗಳಲ್ಲಿ, ಅವಳು ಅಲ್ಲಿದ್ದಾಳೆ ಎಂದು ಗೊತ್ತಿದ್ದೂ, ನನಗೆ ಅವಳು ಕಾಣಲಿಲ್ಲ. ಪೊಲೀಸನು ಸುಮ್ಮನೆ ನನ್ನ ಮುಖ ನೋಡುತ್ತಿದ್ದ. ಆಮೇಲೆ ನಾನು ನೋಡುತ್ತಿದ್ದ ಜಾಗಕ್ಕಿಂತ ಎಷ್ಟೋ ಆಚೆ ಒಂದು ಕೆಂಪು ಚುಕ್ಕೆ ಹೊತ್ತಿತು. ಡೈನಮೋ ಇಳಿಸಿದ್ದಳು.

ದಂಡ ಹಾಕಲಿಲ್ಲ. ಸೈಕಲ್ ಮರಳಿ ಕೊಟ್ಟು, “ದಾರಿ ನಿನಗೆ ಕಂಡರೆ ಸಾಲದು” ಎಂದಷ್ಟೇ ಹೇಳಿದಳು.

ಮಾಬುಸಾಬನ ಬೆನ್ನ ಹಿಂದೆ ಇಮಾಮಸಾಬ ಹೇಗಿದ್ದಿರಬೇಕು ಎಂದು ನನಗೆ ಅಂದು ಗೊತ್ತಾಯಿತು. ಅವನಿಗೆ ಮುಂದಿನ ಸಾಲು, ಫಕ್ಕೀರಪ್ಪನ ಬೆಳಕು ಎಲ್ಲವೂ ಕಾಣುತ್ತಿತ್ತು.

ಟ್ರೂಸ್‌ಳ ಮೇಜು

ಈ ಸಂಗತಿ ಊಟದ ಹೊತ್ತಿಗೆ ಹೇಳಿದೆ. ಟ್ರೂಸ್ ಮೊದಲು ಪೊಲೀಸರದೇ ಸರಿ ಎಂದಳು. ಮಡ್‌ಗಾರ್ಡಿನ ಬಿಳಿ ತುದಿಯ ಬಗ್ಗೆ ಕೇಳಿದ್ದಕ್ಕೆ ತನ್ನ ಹುಡುಗಿತನದ ಯುದ್ಧದ ಮಾತು ತೆಗೆದಳು. ಮೇಲಿನ ವಿಮಾನಗಳಿಗೆ ಊರು ಕಾಣಬಾರದೆಂದು ಎಲ್ಲ ದೀಪ ಮುಚ್ಚಿಸಿದ್ದರಂತೆ. ಆಗ ಬಿಳಿ ಬಣ್ಣವೇ ದೀಪವಾಗಿತ್ತು ಎಂದಳು. ಕತ್ತಲಲ್ಲಿ ಕಾಲುವೆಗೆ ಬಿದ್ದು ಸತ್ತವರೂ ಇದ್ದರಂತೆ.

ನಾನು ನಮ್ಮ ಹಮಾಲರ ಸಾಲಿನ ಬಗ್ಗೆ ಹೇಳಿದೆ. ಮಾತಿನಲ್ಲಿ ಸರಿಯಾಗಿ ತಿಳಿಯಲಿಲ್ಲ. ಗಾಜಿನ ಬಟ್ಟಲಿನಿಂದ ನಾಲ್ಕಾರು ಮೆಣಸಿನಕಾಯಿ ತೆಗೆದು, ಒಂದರ ತೊಟ್ಟು ಮುರಿದು, ಮುಷ್ಟಿಯಲ್ಲಿ ಹಿಡಿದು ಆಕೆಯ ಮುಂದೆ ಚಾಚಿದೆ. ಆಕೆ ಆಟವೆಂದುಕೊಂಡು ನಗುತ್ತಾ ಒಂದನ್ನು ಎಳೆದಳು. ತೊಟ್ಟಿತ್ತು. ಇನ್ನೊಂದು ಎಳೆದಳು. ಅದಕ್ಕೂ ಇತ್ತು. ಮೂರನೆಯದಕ್ಕೆ ಇರಲಿಲ್ಲ.

“ಈಗ ನಾನು ಏನು?”

“ಕೊನೆಯವಳು. ಇವತ್ತು ನಿನ್ನ ಹಿಂದೆ ಯಾರೂ ಇಲ್ಲ, ಲಾರಿ ಬಿಟ್ಟರೆ.”

ನಗು ನಿಂತಿತು. “ಯಾರಾದರೂ ಸತ್ತಿದ್ದಾರೆಯೇ?”

ಇಮಾಮಸಾಬನ ಹೆಸರು ಹೇಳಿದೆ, ಅವನ ಮುಂದಿನ ಸೈಕಲ್ಲಿನಲ್ಲಿ ತಮ್ಮನೇ ಇದ್ದದ್ದನ್ನೂ. ಆಕೆ ಕಾಯಿಯನ್ನು ಮೇಜಿನ ಮೇಲೆ ಇಟ್ಟಳು. “ಎಲ್ಲರಿಗೂ ಒಂದೊಂದು ದೀಪ ಯಾಕಿಲ್ಲ?” ಎಂದು ಕೇಳಿದಳು. ಅವರ ಬಳಿ ಇರುವ ಸೈಕಲ್ಲುಗಳ ಸ್ಥಿತಿ, ಚೀಲದ ಭಾರ, ಪೆಡಲ್ಲಿನ ಭಾರ, ಎಲ್ಲ ಹೇಳಿದೆ. ಮರುದಿನ ಮೇಜಿನ ಮೇಲೆ ಗಾಜಿನ ಬಟ್ಟಲು ಇರಲಿಲ್ಲ.

ಮಂಜು

ಹೊರಡುವ ವಾರ ಮಂಜು ಬಿತ್ತು. ನಮ್ಮಲ್ಲಿ ಮಂಜು ಬೆಳಿಗ್ಗೆ ಹೊಲದ ಮೇಲೆ ತುಸು ಹೊತ್ತು ಕೂತು ಏಳುತ್ತದೆ. ಅಲ್ಲಿಯದು ಬಂದರೆ ಹೋಗುವುದಿಲ್ಲ. ಕೈ ಚಾಚಿದರೆ ಬೆರಳು ಮಸುಕು.

ಟ್ರೂಸ್‌ಳ ಪಕ್ಕದ ಮನೆಯಲ್ಲಿ ಹೆಂಕ್ ಎಂಬ ಮುದುಕನಿದ್ದ. ಮೊದಲು ದೋಣಿ ನಡೆಸುತ್ತಿದ್ದವನು. ದಿನವೂ ನನಗೆ ಕೈಯೆತ್ತಿ ಏನೋ ಕೂಗುತ್ತಿದ್ದ. ಬಹುಶಃ ಚಳಿಯ ಬಗ್ಗೆ. ಆ ಸಂಜೆ ಅವನು ಬ್ರೆಡ್ ತರಲು ಸೈಕಲ್ ಹತ್ತಿ ಹೋಗಿದ್ದ. ಒಡ್ಡು ತಿರುಗುವಲ್ಲಿ ಹಾಲಿನ ಲಾರಿಯೊಂದು ಎದುರಾಗಿ ಬಡಿಯಿತು. ನಾವು ಹೋದಾಗ ಅವನ ಮೇಲೆ ಬಟ್ಟೆ ಹೊದಿಸಿದ್ದರು. ಬ್ರೆಡ್ಡಿನ ಚೀಲ ರಸ್ತೆಯಲ್ಲಿತ್ತು. ಎರಡೂ ದೀಪ ಉರಿಯುತ್ತಿದ್ದವು ಎಂದು ಅವನ ಹಿಂದೆಯೇ ಬರುತ್ತಿದ್ದ ಹೆಂಗಸು ಹೇಳಿದಳು.

ಜನ ಹೆಚ್ಚು ಸೇರಲಿಲ್ಲ. ಸೇರಿದವರೂ ದೂರ ನಿಂತರು. ಲಾರಿಯವನು ಚಿಕ್ಕ ವಯಸ್ಸಿನವನು. ಒಡ್ಡಿನ ಅಂಚಿನಲ್ಲಿ ಕುಳಿತಿದ್ದ, ಪೊಲೀಸರು ಅವನಿಗೆ ಕಂಬಳಿ ಹೊದಿಸಿದ್ದರು. ನಮ್ಮಲ್ಲಿ ಚಾಲಕ ನಿಂತರೆ ಹೊಡೆತ ತಿನ್ನುತ್ತಾನೆ, ಓಡಿದರೆ “ಅಪರಿಚಿತ” ಆಗುತ್ತಾನೆ. ನಿಂತು ಕಂಬಳಿ ಹೊದ್ದವನನ್ನು ನಾನು ನೋಡಿದ್ದು ಅಲ್ಲೇ. ಸ್ಥಳೀಯ ಪತ್ರಿಕೆಯವನು ಬಂದ. ಅವನು ಕೇಳಿದ ಮೊದಲ ಪ್ರಶ್ನೆ, ಲಾರಿ ಎಷ್ಟು ವೇಗದಲ್ಲಿತ್ತು ಎಂಬುದು. ಎರಡನೆಯದು, ಆ ತಿರುವಿನಲ್ಲಿ ಬೀದಿದೀಪ ಯಾಕಿಲ್ಲ ಎಂಬುದು. ಹೆಂಕ್‌ನ ಸೈಕಲ್ಲಿನ ಬಗ್ಗೆ ಕೇಳಿದ್ದು ಕೊನೆಗೆ. ಮರುದಿನವೇ ಊರಾಡಳಿತದವರು ಬಂದು ತಿರುವನ್ನು ಅಳೆದರು.

ಹೆಂಕ್‌ನನ್ನು ಮಣ್ಣು ಮಾಡುವಾಗ ನಾನೂ ಹೋಗಿದ್ದೆ. ಯಾರೂ ದನಿ ತೆಗೆದು ಅಳಲಿಲ್ಲ. ಲಾರಿಯವನು ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದ. ಹೆಂಕ್‌ನ ಹೆಂಡತಿ ಅವನ ಬಳಿಗೆ ಹೋಗಿ ಕೈ ಕುಲುಕಿದಳು. ಆಮೇಲೆ ಎಲ್ಲರಿಗೂ ಕಾಫಿ ಕೊಟ್ಟರು.

ನಾನು ಹೊರಡುವ ಹಿಂದಿನ ದಿನ ಟ್ರೂಸ್ ಕೊಟ್ಟಿಗೆಗೆ ಹೋಗಿ, ಗಂಡನ ಸೈಕಲ್ಲಿನ ಡೈನಮೋ ಮತ್ತು ಹಿಂದಿನ ಕೆಂಪು ದೀಪ ಬಿಚ್ಚಿ, ಹಳೆಯ ಟವೆಲ್ಲಿನಲ್ಲಿ ಸುತ್ತಿ ತಂದಳು. “ಹೆಂಕ್‌ನಿಗೂ ದೀಪವಿತ್ತು. ನೀನು ನೋಡಿದ್ದೀಯ” ಎಂದಳು. “ನನ್ನ ಗಂಡ ಮಾತ್ರ ಪ್ರತಿದಿನ ಮನೆಗೆ ಬಂದ. ಹಾಸಿಗೆಯಲ್ಲೇ ತೀರಿಕೊಂಡ. ನನ್ನ ಬಳಿ ಇರುವುದು ಇದೊಂದೇ. ನಿಮ್ಮೂರಲ್ಲಿ ಸತ್ತವನ ತಮ್ಮನಿಗೆ ಕೊಡು.”

ಬ್ಯಾಡಗಿ

ಮರಳಿದಾಗ ಹೊಸ ಕಾಯಿ ಬರಲು ಶುರುವಾಗಿತ್ತು. ಪೇಟೆಯ ಗೇಟು ಸಿಗುವ ಮೊದಲೇ ಮೂಗಿಗೆ ಘಾಟು. ಸೈಕಲ್ ಅಂಗಡಿಯ ಮಿಸ್ತ್ರಿ ದೀಪವನ್ನು ತಿರುಗಿಸಿ ನೋಡಿ, “ಗಟ್ಟಿ ಮಾಲ್ ಐತ್ರಿ” ಎಂದು ಮಾಬುಸಾಬನ ಸೈಕಲ್ಲಿಗೆ ಕೂಡಿಸಿದ. ಕ್ಯಾರಿಯರ್ ತಾಗದಂತೆ ಕೆಳಗೆ, ಕಂಬಳಿ ಮುಚ್ಚದಂತೆ ಹೊರಗೆ ಚಾಚಿ. ಗಾಲಿ ಎತ್ತಿ ತಿರುಗಿಸಿದಾಗ ಕೆಂಪಗೆ ಉರಿಯಿತು. ಹಮಾಲರೆಲ್ಲ ಸುತ್ತ ನಿಂತು ನೋಡಿದರು. ಮಾಬುಸಾಬನ ಮುಖ ಅರಳಿತ್ತು. ನನಗೂ ಒಂದು ಕೆಲಸ ಮುಗಿಸಿದಂತೆ ಅನಿಸಿತ್ತು.

ಆ ಸಂಜೆ ಗೇಟಿನಲ್ಲಿ ಫಕ್ಕೀರಪ್ಪ ಮೆಣಸಿನಕಾಯಿ ಹಿಡಿಯಲಿಲ್ಲ.

“ಇನ್ನ ಕಾಯಿ ಎತ್ತೂದು ಯಾಕ ಬೇಕೋ?” ಎಂದ. “ಬಿಳಿ ದೀಪದಾಂವ ಮುಂದ, ಕೆಂಪು ದೀಪದಾಂವ ಹಿಂದ. ನಡುವಿನವ್ರು ಆರಾಮ ಬರ್ರಿ.”

“ಏ ಮಾಬೂ, ಹಾಲೆಂಡಿನ ಬಾಲ ಆದೆಲ್ಲೋ!” ಎಂದು ಒಬ್ಬ ನಕ್ಕ.

ದೀಪವನ್ನು ಪಾಳಿಯಂತೆ ಒಬ್ಬೊಬ್ಬರ ಸೈಕಲ್ಲಿಗೆ ಹಾಕಿದರಾಗದೇ ಎಂದು ಕೇಳಿದೆ. ದಿನವೂ ಬಿಚ್ಚಿ ಕಟ್ಟಿದರೆ ವೈರು ಹರಿಯುತ್ತದೆ ಎಂದು ಮಿಸ್ತ್ರಿ ಹೇಳಿದ. ಮಾಬುಸಾಬನೇ ನನ್ನನ್ನು ತಡೆದ.

“ಇರ್ಲಿ ಬಿಡ್ರಿ ಅಣ್ಣಾರ. ನಮ್ಮಣ್ಣ ಹಿಂದ ಇದ್ದಾಗ ದೀಪ ಇರ್ಲಿಲ್ಲ. ನನಗ ಐತಿ. ದೀಪ ಇಲ್ಲದಾಂವನ್ನ ಹಿಂದ ಬಿಟ್ಟು, ನಾ ನಡುವ ಹೆಂಗ ಬರ್ಲಿ?”

ಹಾವೇರಿಯಿಂದ ಕೆಂಪು ಬಿಲ್ಲೆ ತಂದು ಉಳಿದ ಸೈಕಲ್ಲುಗಳಿಗೆ ಹಚ್ಚಿಸಿದೆವು. ಚೀಲ ಕಟ್ಟುವುದರಲ್ಲಿ ಒಂದೊಂದಾಗಿ ಒಡೆದವು. ಮಡ್‌ಗಾರ್ಡಿಗೆ ಬಳಿದ ಬಿಳಿ ಬಣ್ಣ ಮೆಣಸಿನಕಾಯಿ ಧೂಳಿಗೆ ಕೆಂಪಡರಿತು.

ಮಣ್ಣಿನ ದಾರಿ ಸೇರುವಲ್ಲಿ

ಕೆಲವು ದಿನಗಳ ಮೇಲೆ ಹಾವೇರಿಯ ಬಸ್ ಇಳಿದಾಗ ಹುಸೇನಬಿ ಅಲ್ಲಿಯೇ ನಿಂತಿದ್ದಳು. ಕತ್ತಲಾಗಿ ಬಹಳ ಹೊತ್ತಾಗಿತ್ತು.

“ನಾ ಕೇಳಿದ್ದಕ್ಕ ಜವಾಬ ಕೊಡ್ಲೇ ಇಲ್ಲ ನೀವು,” ಎಂದಳು. “ಅಲ್ಲಿ ಮಂದಿ ಮನಿಗೆ ಹೆಂಗ ಮುಟ್ತಾರ?”

“ಅಲ್ಲಿ ಎಲ್ಲಾರಿಗೂ ಮುಂದ ಹಿಂದ ದೀಪ ಇರ್ತಾವ ತಂಗೀ. ಸಾಲ ಕಟ್ಟಿ ಹೋಗೂದಿಲ್ಲ. ಅವರವರ ದೀಪ, ಅವರವರ ದಾರಿ.”

“ಅಂದ್ರ ಬಾಲ ಅನ್ನಾಂವ ಯಾರೂ ಇಲ್ಲ.”

“ಇಲ್ಲ.”

“ಯಾರೂ ಸಾಯೂದಿಲ್ಲೇನು?”

ಸುಳ್ಳು ಹೇಳಬಹುದಿತ್ತು. ಹೆಂಕ್‌ನ ಸಂಗತಿ ಹೇಳಿದೆ. ಲಾರಿಯವನು ನಿಂತದ್ದನ್ನೂ ಹೇಳಿದೆ. ಆಕೆ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಅವನ ದೀಪ ಉರೀತಿತ್ತೇನ್ರಿ?”

“ಉರೀತಿತ್ತು.”

ರಾಣೆಬೆನ್ನೂರಿನ ಕಡೆಯಿಂದ ಒಂದು ಬಸ್ ಬಂದು ಹೋಯಿತು.

“ಮೊದ್ಲಾದ್ರ ಬಾಲ ಯಾರಂತ ಕಾಯಿ ಆರಿಸ್ತಿತ್ತು, ಅಣ್ಣಾರ,” ಎಂದಳು ಆಮೇಲೆ. “ಇವತ್ತ ಇವನ ಪಾಳಿ, ನಾಳೆ ಅವನ ಪಾಳಿ. ಇವತ್ತ ನಮ್ಮವ್ರಿಗೆ ಬಂದಿರೂದಿಲ್ಲ ಅಂತ ಅನ್ಕೋತ ಇಲ್ಲಿ ನಿಂದರ್ತಿದ್ದೆ. ಈಗ ದಿನಾ ನನ್ನ ಗಂಡಂದ ಪಾಳಿ.”

ದೂರದಲ್ಲಿ ಒಂದು ಬಿಳಿ ಚುಕ್ಕೆ ಕಂಡಿತು. “ಫಕ್ಕೀರಪ್ಪ,” ಎಂದಳು. ಕೆಂಪು ದೀಪ ಎದುರಿನಿಂದ ಕಾಣುವುದಿಲ್ಲ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅದು ಹಿಂದಿನಿಂದ ಬರುವ ಲಾರಿಗಷ್ಟೇ ಕಾಣುವ ದೀಪ. ಅಲ್ಲಿ ನಿಂತ ಹೆಂಡತಿಗೆ ಸಾಲಿನ ತಲೆ ಗೊತ್ತಾಗುತ್ತದೆ, ಕೊನೆ ಗೊತ್ತಾಗುವುದಿಲ್ಲ.

ಚುಕ್ಕೆಯ ಹಿಂದೆ ಲಾರಿಯ ಬೆಳಕು ಎದ್ದಿತು. ದೊಡ್ಡದಾಗುತ್ತಾ ಬಂದು ಚುಕ್ಕೆಯನ್ನು ನುಂಗಿತು. ಹಾರ್ನ್ ಕೂಗಿತು. ಲಾರಿ ನಮ್ಮ ಮುಂದಿನಿಂದ ಹಾದುಹೋದಾಗ ಧೂಳಿಗೆ ಕಣ್ಣು ಮುಚ್ಚಿದೆವು. ತೆರೆದಾಗ ರಸ್ತೆಯಲ್ಲಿ ಯಾವ ದೀಪವೂ ಇರಲಿಲ್ಲ. ಅವರು ಕೆಳಗಿಳಿದು ನಿಂತಿರಬಹುದು. ನಿಂತರೆ ಡೈನಮೋ ಆರುತ್ತದೆ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹುಸೇನಬಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ಬಿಳಿ ದೀಪ ಮಿಣುಕಿತು. ಅಲುಗಾಡುತ್ತಾ ಹತ್ತಿರ ಬಂತು.

“ಬರಾಕತ್ತಾನವ್ವಾ, ಹಿಂದ ಅದಾನ,” ಎನ್ನುತ್ತಾ ಫಕ್ಕೀರಪ್ಪ ಮಣ್ಣಿನ ದಾರಿಗೆ ತಿರುಗಿದ. ಅವನ ಹಿಂದೆ ಒಬ್ಬೊಬ್ಬರಾಗಿ, ಮುಖ ಕಾಣದ ಕಂಬಳಿಗಳು. ಹುಸೇನಬಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೊನೆಯ ಸೈಕಲ್ ಬಂತು. ಮಾಬುಸಾಬ ನನ್ನನ್ನು ಕಂಡು, “ಆರಾಮ ಏನ್ರಿ ಅಣ್ಣಾರ?” ಎಂದು ನಿಲ್ಲದೆ ಹೋದ. ಅವನು ದಾಟಿದ ಮೇಲೆ ಕೆಂಪು ದೀಪ ಕಂಡಿತು. ಮಣ್ಣಿನ ದಾರಿಯ ಕುಣಿಗಳಲ್ಲಿ ಏಳುತ್ತಾ ಬೀಳುತ್ತಾ ಊರಿನ ಕಡೆಗೆ ಹೊರಟಿತು.

ಹುಸೇನಬಿ ಬಾಯಿಂದ ಸೆರಗು ತೆಗೆದಳು.

“ಇವತ್ತಿಂದು ಆತು,” ಎಂದು, ದೀಪ ಕಣ್ಮರೆಯಾಗುವ ಮೊದಲೇ ಅದರ ಹಿಂದೆ ದಾಪುಗಾಲಿಡುತ್ತಾ ನಡೆದಳು.